ತಟ್ಟೆಯ ಅಂಚು ಒರೆಸಿದ ವರ್ಷಗಳು

ಹೋಟೆಲಿನಲ್ಲಿ ನಿಮ್ಮ ಕೆಲಸ ಏನಿತ್ತು ಎಂದು ಯಾರಾದರೂ ಕೇಳಿದರೆ, ತಟ್ಟೆಯ ಅಂಚು ಒರೆಸುವುದು ಎಂದು ಹೇಳುತ್ತೇನೆ. ಕೇಳಿದವರು ವಿನಯಕ್ಕೆ ಹಾಗೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ವಿನಯವೇನೂ ಇಲ್ಲ, ನಿಜವಾಗಿಯೂ ಅದೇ ಕೆಲಸ. ಹೈದರಾಬಾದಿನ ಒಂದು ದೊಡ್ಡ ಹೋಟೆಲಿನ ಎರಡನೆಯ ಮಹಡಿಯಲ್ಲಿ ದುಬಾರಿ ರೆಸ್ಟೋರೆಂಟ್ ಒಂದಿತ್ತು. ಅದರ ಅಡುಗೆಮನೆಯಿಂದ ಊಟದ ಕೋಣೆಗೆ ಹೋಗುವ ಬಾಗಿಲಿನ ಹತ್ತಿರ ಉದ್ದನೆಯ ಸ್ಟೀಲಿನ ಕಟ್ಟೆ. ಬೆಂದದ್ದು, ಹುರಿದದ್ದು, ಸುಟ್ಟದ್ದು ಎಲ್ಲವೂ ಅಲ್ಲಿಗೆ ಬರಬೇಕು. ಅದನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಎಲೆ ಇಟ್ಟು, ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಅಂಚು ಒರೆಸಿ ಕಳಿಸುವವಳು ನಾನು. ಗಿರಾಕಿಗಿಂತ ಮೊದಲು ಆ ತಟ್ಟೆಯನ್ನು ಕೊನೆಯದಾಗಿ ಮುಟ್ಟುವ ಕೈ ನನ್ನದು.

ಈಗ ಹೋಟೆಲ್ ಕೆಲಸಕ್ಕೆ ಸೇರುವ ಮಕ್ಕಳು ನಮ್ಮ ಕುಷಾಯಿಗೂಡದ ಮನೆಗೆ ಬಂದು, ಆಂಟಿ, ಏನು ಕಲಿಯಬೇಕು ಹೇಳಿ ಎಂದು ಕೇಳುತ್ತಾರೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಟೋಪಿ ಎಷ್ಟು ಉದ್ದವಾಯಿತು ಎಂಬುದರಿಂದ ಅವರಿಗೆ ಏನೂ ಉಪಯೋಗವಿಲ್ಲ. ನಾನು ಎಲ್ಲಿ ಎಡವಿದೆ ಎಂಬುದು ಉಪಯೋಗಕ್ಕೆ ಬರಬಹುದು. ಅದನ್ನೇ ಬರೆಯುತ್ತೇನೆ.

ನಾನು ಮೊದಲು ಸೇರಿದ್ದು ಮೇಲಿನ ರೆಸ್ಟೋರೆಂಟಿಗಲ್ಲ, ಹೋಟೆಲಿನ ಹಿತ್ತಲಲ್ಲಿದ್ದ ನೌಕರರ ಮೆಸ್ಸಿಗೆ. ರೂಮು ಗುಡಿಸುವವರು, ಲಿಫ್ಟಿನವರು, ಕಾವಲಿನವರು, ಎಲ್ಲ ಸೇರಿ ಮುನ್ನೂರು ಮಂದಿಗೆ ಅಲ್ಲಿ ಅಡುಗೆ. ಮೆಸ್ಸಿನ ಮುಖ್ಯ ಅಡುಗೆಯವರು ಮಾಣಿಕಪ್ಪ. ಬಸವಕಲ್ಯಾಣದ ಕಡೆಯವರು, ಎಳೆಯ ವಯಸ್ಸಿನಲ್ಲೇ ಹೈದರಾಬಾದಿಗೆ ಬಂದವರು. ನಾನೂ ಬೀದರಿನ ಕಡೆಯವಳಾದ್ದರಿಂದ ಅವರನ್ನು ಮಾಮಾ ಎಂದೇ ಕರೆಯುತ್ತಿದ್ದೆ. ಹಿಂದಿ, ತೆಲುಗು, ದಖನಿ ಮೂರನ್ನೂ ನೀರು ಕುಡಿದಂತೆ ಮಾತಾಡುತ್ತಿದ್ದರು. ಆದರೆ ಸಿಟ್ಟು ಬಂದರೆ ಬಾಯಲ್ಲಿ ಕನ್ನಡ ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ. ಅವರ ಹುಳಿಬೇಳೆ, ಅಂದರೆ ಈ ಊರಿನವರು ಖಟ್ಟಿ ದಾಲ್ ಅನ್ನುವುದು, ಕುದಿಯಲು ಶುರುವಾದರೆ ಮೂರನೆಯ ಮಹಡಿಯ ಅಕೌಂಟ್ಸ್ ವಿಭಾಗದಲ್ಲಿ ಯಾರಿಗೂ ಕೆಲಸ ಸಾಗುತ್ತಿರಲಿಲ್ಲ.

ಒಂದು ಸಂಕ್ರಾಂತಿಗೆ ನೌಕರರ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದೆ. ಹಿಂದಿನಿಂದ ಯಾರೋ ಬಂದು ನಿಂತಂತಾಯಿತು. ತಿರುಗಿ ನೋಡಿದರೆ ಎರಡನೆಯ ಮಹಡಿಗೆ ಹೊಸದಾಗಿ ಬಂದಿದ್ದ ಶೆಫ್ ವಿಕ್ರಾಂತ್. ದಿಲ್ಲಿಯವರು, ಹೊರದೇಶದಲ್ಲಿ ಕಲಿತು ಬಂದವರು, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಚಿಮಟ ಇಟ್ಟುಕೊಳ್ಳುವವರು. ನಾನು ಎಳೆಯುತ್ತಿದ್ದ ಗೆರೆಯನ್ನು ಬಗ್ಗಿ ನೋಡಿ, "ಈ ಕೈ ಕೆಳಗೆ ಮೆಸ್ಸಿನಲ್ಲಿ ಏನು ಮಾಡ್ತಾ ಇದೆ?" ಎಂದು ಹಿಂದಿಯಲ್ಲಿ ಕೇಳಿದರು.

"ಈರುಳ್ಳಿ ಹೆಚ್ಚುತ್ತೆ ಸಾರ್," ಅಂದೆ.

ಮರುವಾರ ನನ್ನನ್ನು ಮೇಲಕ್ಕೆ ಕರೆಸಿಕೊಂಡರು. ಮಾಣಿಕಪ್ಪ ಮಾಮಾ ಬೇಡವೆನ್ನಲಿಲ್ಲ. "ಹೋಗವ್ವಾ, ಕಲಿ," ಅಂದರು. ಸೌಟು ತೊಳೆದು ಗೂಟಕ್ಕೆ ಹಾಕಿ, "ಆದ್ರ ನನಗೊಂದು ತಿಳೀವಲ್ದು. ಮ್ಯಾಲ ಬರೋ ಮಂದಿ ಹಸದು ಬರ್ತಾರೋ, ಇಲ್ಲಾ ನೋಡಾಕ ಬರ್ತಾರೋ? ತಿಳದ್ರ ನನಗೂ ಹೇಳು," ಅಂದರು.

ಅಲ್ಲಿಯವರೆಗೆ ನಾನು ಚಿಮಟ ಬಳಸಿದ್ದು ಕಾಲಿನ ಮುಳ್ಳು ತೆಗೆಯಲು ಮಾತ್ರ. ಈಗ ಅದರಿಂದ ಪುದೀನಾ ಎಲೆ ಎತ್ತಿ ಇಡಬೇಕು. ಇಟ್ಟೆ. ಶೆಫ್ ಬಂದು ನೋಡಿದರು. "ಸುಮಿತ್ರಾಜೀ, ಯೇ ಪತ್ತಾ ಸೋ ರಹಾ ಹೈ." ಎಲೆ ಮಲಗಿದೆಯಂತೆ. ಎಬ್ಬಿಸಿ ಕೂರಿಸಿದೆ. ಈಗ ಬೇಸರದಲ್ಲಿ ಕೂತಿದೆ ಅಂದರು. ಒಂದು ಎಲೆಯ ಮನಸ್ಸು ಸರಿಮಾಡಲು ಒಂದು ಇಡೀ ಮಧ್ಯಾಹ್ನ ಹೋಯಿತು. ನಗಬೇಡಿ. ಆರು ತಿಂಗಳಾದ ಮೇಲೆ ನನಗೂ ಮಲಗಿದ ಎಲೆ, ಎದ್ದ ಎಲೆ ಬೇರೆ ಬೇರೆಯಾಗಿ ಕಾಣತೊಡಗಿದವು. ಮನೆಯಲ್ಲಿ ನಮ್ಮವರ ಅವಲಕ್ಕಿಯ ಮೇಲೆ ಕೊತ್ತಂಬರಿ ಎಬ್ಬಿಸಿ ಕೂರಿಸುವಷ್ಟರಲ್ಲಿ ಅವರು ಟಿಫಿನ್ ಇಲ್ಲದೆ ಕಾರ್ಖಾನೆಗೆ ಹೋಗಿಬಿಟ್ಟಿದ್ದೂ ಉಂಟು.

ನನ್ನ ಮೊದಲ ದೊಡ್ಡ ತಪ್ಪು ಒಂದು ಆಲೂಗಡ್ಡೆಯದು. ಶೆಫ್ ಆ ವರ್ಷ ಒಂದು ಹೊಸ ತಿಂಡಿ ಮಾಡಿದ್ದರು. ಹೈದರಾಬಾದಿನ ನಡುವೆ ಹರಿಯುವ ಮೂಸಿ ಹೊಳೆಯ ಮೇಲಿನ ಪ್ರೀತಿಯಿಂದ ಅದಕ್ಕೆ 'ಮೂಸಿ ತೀರದ ನೆನಪು' ಎಂದು ಹೆಸರಿಟ್ಟರು. ದಿಲ್ಲಿಯವರು, ಮೂಸಿಯನ್ನು ನಕ್ಷೆಯಲ್ಲಿ ಮಾತ್ರ ನೋಡಿದ್ದರು. ಹೆಸರು ಕೇಳಿ ನಮ್ಮ ವೇಟರ್ ಯಾದಗಿರಿ ನನ್ನ ಕಿವಿಯಲ್ಲಿ, "ಮೂಸಿ ಅಂಟೇ ಮುಕ್ಕು ಮೂಸುಕುಂಟಾರು ಮೇಡಂ," ಅಂದ. ಮೂಸಿ ಎಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ ಎಂದು. ಊರಿನ ಕೊಳಚೆಯೆಲ್ಲ ಸೇರುವುದು ಅದಕ್ಕೇ. ಶೆಫ್‌ಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಆ ತಿಂಡಿ ಹೀಗಿತ್ತು: ಒಂದು ಬೋಗುಣಿಯ ತುಂಬ ಬಿಸಿ ಮಾಡಿದ ನಿಜವಾದ ಹೊಳೆಗಲ್ಲು. ಅವುಗಳ ಮೇಲೆ ಮೂರು ಪುಟಾಣಿ ಆಲೂಗಡ್ಡೆ. ತಿನ್ನಬಹುದಾದ ಬೂದು ಮಣ್ಣು ಬಳಿದು, ಆಲೂಗಡ್ಡೆಯನ್ನೂ ಕಲ್ಲಿನ ಹಾಗೆ ಮಾಡಿರುತ್ತಿದ್ದರು. ಮೇಲೆ ಒಂದಿಷ್ಟು ಮಸಾಲೆ. ಯಾವುದು ಆಲೂ ಎಂದು ತಿಳಿಯಲು ಪಕ್ಕದಲ್ಲಿ ಒಂದೊಂದು ಕರಿಬೇವಿನ ಎಲೆ ಇಡುವುದು ನನ್ನ ಕೆಲಸ. ಒಂದು ಭಾನುವಾರ ಗಡಿಬಿಡಿಯಲ್ಲಿ ಮೂರು ಕಲ್ಲುಗಳಿಗೇ ಚೆನ್ನಾಗಿ ಮಸಾಲೆ ಹಚ್ಚಿ, ಎಲೆ ಇಟ್ಟು, ಅಂಚು ಒರೆಸಿ ಕಳಿಸಿಬಿಟ್ಟೆ.

ಆ ಮೇಜಿನಲ್ಲಿ ಹಳೇ ಊರಿನ ಕಡೆಯ ಒಬ್ಬ ವೃದ್ಧ ಬೇಗಂ ಸಾಹೇಬಾ ಮಗಳೊಂದಿಗೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಯಾದಗಿರಿ ಬೋಗುಣಿಯನ್ನು ವಾಪಸ್ ತಂದ. "ಆಲೂ ಬೆಂದಿಲ್ಲವಂತೆ. ಜರಾ ಗಲಾ ಕೋ ಲಾವ್ ಬೋಲೇ," ಅಂದ. ಇನ್ನಷ್ಟು ಮೆತ್ತಗೆ ಬೇಯಿಸಿ ತರಬೇಕಂತೆ.

ಬೆಂದಿಲ್ಲ ಎಂದ ಮೇಲೆ ಬೇಯಿಸಬೇಕಲ್ಲ? ನಾನು ಮೂರನ್ನೂ ಕುದಿಯುವ ನೀರಿಗೆ ಹಾಕಿದೆ. ಹತ್ತು ನಿಮಿಷ ಬಿಟ್ಟು ಚಾಕು ಚುಚ್ಚಿದೆ, ಇಳಿಯಲಿಲ್ಲ. ಇನ್ನೂ ಐದು ನಿಮಿಷ. ಆಗಲೂ ಇಳಿಯಲಿಲ್ಲ. ಶೆಫ್ ಬಂದು, "ಎಲ್ಲಿಯ ಆಲೂ ತರಿಸಿದ್ದಾರೆ ಈ ಸಲ?" ಎಂದು ಬೈಯುತ್ತ ತಾವೇ ಜೋರಾಗಿ ಚುಚ್ಚಿದರು. ಚಾಕುವಿನ ತುದಿ ಮುರಿದು ಗೋಡೆಗೆ ಹಾರಿತು. ಇಬ್ಬರೂ ಪಾತ್ರೆಯೊಳಗೆ ಬಗ್ಗಿ ನೋಡಿದೆವು. ಬೂದು ಬಣ್ಣ ಬಿಡದೆ, ತಳದಲ್ಲಿ ಮೂರೂ ಗಂಭೀರವಾಗಿ ಕೂತಿದ್ದವು.

ಆ ದಿನವೇ ನನ್ನ ಕೆಲಸ ಹೋಯಿತು ಅಂದುಕೊಂಡೆ. ಶೆಫ್ ಕೈ ಒರೆಸಿಕೊಂಡು ಮೇಜಿಗೆ ಹೋದರು. ಅವರ ಹಿಂದೆ ನಾನು. ತಪ್ಪಾಯಿತು ಎಂದು ತಲೆ ತಗ್ಗಿಸಿ ನಿಂತೆವು. ಹೈದರಾಬಾದಿನಲ್ಲಿ ಕಾದ ಕಲ್ಲಿನ ಮೇಲೆ ಮಾಂಸ ಸುಡುತ್ತಾರೆ, ಅದಕ್ಕೆ ಪತ್ಥರ್ ಕಾ ಗೋಷ್ತ್ ಎಂದು ದೊಡ್ಡ ಹೆಸರು. ಬೇಗಂ ಸಾಹೇಬಾ ಅದನ್ನು ನೆನೆಸಿಕೊಂಡು, "ಪತ್ಥರ್ ಕಾ ಗೋಷ್ತ್ ಬಹುತ್ ಖಾಯೇ ಮಿಯಾ. ಪತ್ಥರ್ ಕೇ ಆಲೂ ಪೈಲೀ ಬಾರ್ ಖಾಯೇ," ಎಂದು ನಕ್ಕುಬಿಟ್ಟರು. ಕಲ್ಲಿನ ಮಾಂಸ ಬೇಕಾದಷ್ಟು ತಿಂದಿದ್ದಾರಂತೆ, ಕಲ್ಲಿನ ಆಲೂ ತಿಂದದ್ದು ಇದೇ ಮೊದಲಂತೆ. ಹೊರಡುವಾಗ ನನ್ನ ಕೈ ಹಿಡಿದು, ಕಲ್ಲಿಗೆ ಹಚ್ಚಿದ ಮಸಾಲೆ ಮಾತ್ರ ಚೆನ್ನಾಗಿತ್ತು ಎಂದು ಹೇಳಿಹೋದರು.

ನೀವು ಸೇರುವ ಅಡುಗೆಮನೆಯಲ್ಲಿ ಕಲ್ಲು, ಆಲೂಗಡ್ಡೆ ಎರಡೂ ಒಂದೇ ಕಪಾಟಿನಲ್ಲಿದ್ದರೆ ಮೊದಲ ದಿನವೇ ಬೇರೆ ಮಾಡಿ.

ಕಲ್ಲಿನ ಕಾಲ ಮುಗಿದ ಮೇಲೆ ನೊರೆಯ ಕಾಲ ಬಂತು. ಹುಣಸೆಯ ನೊರೆ, ಮೊಸರಿನ ನೊರೆ. ಅಡುಗೆಮನೆಯಲ್ಲಿ ಬೆಟ್ಟದಂತೆ ಎದ್ದದ್ದು ಮೇಜು ಸೇರುವಷ್ಟರಲ್ಲಿ ಇಳಿದು ಬಿಡುತ್ತಿತ್ತು. ತಟ್ಟೆ ತೊಳೆದ ಸೋಪು ಹೋಗಿಲ್ಲ ನೋಡಿ ಎಂದು ಗಿರಾಕಿಗಳು ವಾಪಸ್ ಕಳಿಸುತ್ತಿದ್ದರು. ಅದು ಹೋಗಿ ಹೊಗೆಯ ಕಾಲ ಬಂತು. ತಟ್ಟೆಯ ಮೇಲೆ ಗಾಜಿನ ಬೋಗುಣಿ ಕವುಚಿ, ಒಳಗೆ ಹೊಗೆ ತುಂಬಿ, ಗಿರಾಕಿಯ ಮುಂದೆ ತೆರೆಯುವುದು. ಹೊಗೆ ಸರಿದಾಗ ಒಳಗಿನ ತಿಂಡಿ ಮೆಲ್ಲಗೆ ಕಾಣಿಸಬೇಕು. ನೋಡಲು ನಿಜಕ್ಕೂ ಚೆಂದವಿತ್ತು, ನನಗೂ ಅದು ಇಷ್ಟ.

ಒಂದು ಭಾನುವಾರದ ಮಧ್ಯಾಹ್ನ ನಿವೃತ್ತ ಹೆಡ್‌ಮಾಸ್ತರರೊಬ್ಬರ ಎಂಬತ್ತು ತುಂಬಿದ ಊಟ. ಮಕ್ಕಳು, ಮೊಮ್ಮಕ್ಕಳು ಸೇರಿ ಇಪ್ಪತ್ತು ಮಂದಿ. ಇಪ್ಪತ್ತು ಬೋಗುಣಿಯನ್ನೂ ಒಟ್ಟಿಗೆ ತೆರೆಯಬೇಕೆಂದು ಶೆಫ್‌ಗೆ ಹುಕಿ ಬಂತು. ಕೈ ಎತ್ತಿ ಒಂದು, ಎರಡು, ಮೂರು ಅಂದರು. ಇಪ್ಪತ್ತೂ ತೆರೆದವು. ತಿಂಡಿ ಕಾಣಿಸುವ ಬದಲು ಹೆಡ್‌ಮಾಸ್ತರರೇ ಕಾಣಿಸದಾದರು. ಬೆಂಕಿಯ ಗಂಟೆ ಹೊಡೆದುಕೊಳ್ಳತೊಡಗಿತು. ಗಂಟೆ ಹೊಡೆದರೆ ಎಲ್ಲರನ್ನೂ ಹೊರಗೆ ಕಳಿಸಲೇಬೇಕು, ಅದು ಕಾನೂನು. ಹೊರಗೆ ಎಂದರೆ ಹಿತ್ತಲು. ಹಿತ್ತಲು ಎಂದರೆ ಮಾಣಿಕಪ್ಪ ಮಾಮಾನ ಮೆಸ್ಸಿನ ಬಾಗಿಲು.

ಅಲ್ಲಿ ಆಗಷ್ಟೇ ಅನ್ನ ಬಸಿದಿದ್ದರು. ಮಾವಿನಕಾಯಿ ಹಾಕಿದ ಬೇಳೆಗೆ ಒಗ್ಗರಣೆ ಬಿದ್ದಿತ್ತು. ಹೆಡ್‌ಮಾಸ್ತರರು ಕೋಲೂರಿಕೊಂಡು ವಾಸನೆ ಬಂದ ಕಡೆಗೇ ನಡೆದು, "ಮಾಮಿಡಿಕಾಯ ಪಪ್ಪಾ ಅದಿ?" ಎಂದು ತೆಲುಗಿನಲ್ಲಿ ಕೇಳಿದರು, ಮಾವಿನಕಾಯಿ ಬೇಳೆಯಾ ಎಂದು.

"ಅವುನು ಸಾರ್, ಕೂರ್ಚೋಂಡಿ," ಎಂದು ಮಾಮಾ ಅವರನ್ನು ಕೂರಿಸಿ, ಒಂದು ತಟ್ಟೆ ತೊಳೆದು ಕೈಗಿಟ್ಟರು.

ಅವರು ಕೂತ ಮೇಲೆ ಮಕ್ಕಳು, ಸೊಸೆಯಂದಿರು ಎಲ್ಲ ಕೂತರು. ತರಕಾರಿಯ ಕ್ರೇಟುಗಳನ್ನು ಬೋರಲು ಹಾಕಿಕೊಂಡು, ರೇಷ್ಮೆ ಸೀರೆಯ ಮೇಲೆ ನಮ್ಮ ರೆಸ್ಟೋರೆಂಟಿನ ಬಿಳಿ ನ್ಯಾಪ್‌ಕಿನ್ ಹಾಸಿಕೊಂಡು, ಹಪ್ಪಳ ಮುರಿಯುತ್ತ ಉಂಡರು. ಗಂಟೆ ನಿಂತಿದೆ, ಮೇಲೆ ಬರಬಹುದು ಎಂದು ಯಾದಗಿರಿ ಮೂರು ಸಲ ಕರೆದ. ಯಾರೂ ಏಳಲಿಲ್ಲ. ಶೆಫ್ ಕೈಯಲ್ಲೊಂದು ಖಾಲಿ ಗಾಜಿನ ಬೋಗುಣಿ ಹಿಡಿದು ಮೆಟ್ಟಿಲ ಮೇಲೇ ನಿಂತಿದ್ದರು. ಆ ಮುಖ ನೋಡಿ ನಗು ಬಂದಿತ್ತು. ಆಮೇಲೆ ಅವರು ಒಬ್ಬರೇ ಮೇಲೆ ಹೋಗಿ ಇಪ್ಪತ್ತು ತಟ್ಟೆ ಕಸಕ್ಕೆ ಸುರಿಯುವುದನ್ನು ಕಂಡಾಗ ಆ ನಗು ಉಳಿಯಲಿಲ್ಲ. ಅದರಲ್ಲಿ ಅವರ ಮೂರು ದಿನದ ಕೆಲಸವಿತ್ತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಪಕ್ಕದ ಮೇಜಿನಲ್ಲಿ ಪತ್ರಿಕೆಗೆ ಊಟದ ಬಗ್ಗೆ ಬರೆಯುವ ಹೆಣ್ಣುಮಗಳೊಬ್ಬಳು ಇದ್ದದ್ದು ನಮಗೆ ಗೊತ್ತಿರಲಿಲ್ಲ. ಗಿರಾಕಿಗಳನ್ನು ಹೊಗೆಯಿಂದ ಎಬ್ಬಿಸಿ, ಹಿತ್ತಲಿಗೆ ಕರೆದೊಯ್ದು, ಸೊಟ್ಟ ಸ್ಟೀಲ್ ತಟ್ಟೆಯಲ್ಲಿ ಬೇಳೆ ಅನ್ನ ಬಡಿಸಿದ್ದು ಶೆಫ್‌ನ ಅತ್ಯಂತ ದಿಟ್ಟ ಕಲ್ಪನೆ ಎಂದು ಬರೆದುಬಿಟ್ಟಳು. ಹೋಟೆಲಿನ ಮ್ಯಾನೇಜರ್ ಸಾಹೇಬರು ಅದನ್ನು ಓದಿ, ದಿನವೂ ಹಾಗೇ ಮಾಡಿ ಅಂದರು.

ಮೇಲಿನ ಮೆನುವಿಗೆ ಮಾಮಾನ ಬೇಳೆ ಬಂದದ್ದು ಹೀಗೆ. ಹೊಸ ಸ್ಟೀಲ್ ತಟ್ಟೆ ತರಿಸಿದರು. ಹೊಸತು ನೆಟ್ಟಗಿರುತ್ತದಲ್ಲ? ಅದಕ್ಕಾಗಿ ರಿಪೇರಿಯವನನ್ನು ಕೂರಿಸಿ ಒಂದೊಂದನ್ನೂ ಸುತ್ತಿಗೆಯಿಂದ ಸೊಟ್ಟ ಮಾಡಿಸಿದರು. ಮಾಮಾ ಒಂದು ಪಾತ್ರೆ ಬೇಳೆ ಕಳಿಸಿದರು. ಶೆಫ್ ತಟ್ಟೆಯ ನಡುವೆ ಒಂದು ತುತ್ತು ಅನ್ನ ಇಟ್ಟು, ಅದರ ಸುತ್ತ ಬೇಳೆಯ ಐದು ಹನಿ ಬಿಟ್ಟರು. ನಾನು ಅಂಚು ಒರೆಸಿದೆ.

ತಮ್ಮ ಬೇಳೆ ಹೇಗೆ ಹೋಗುತ್ತದೆ ನೋಡೋಣವೆಂದು ಮಾಮಾ ಅಂದೇ ಮೊದಲ ಸಲ ಮೇಲೆ ಬಂದರು. ತಟ್ಟೆ ನೋಡಿದರು. ಬಾಯಿಂದ ಕನ್ನಡ ಹೊರಟಿತು.

"ಸುಮಿತ್ರಾ, ಕೇಳು ಇವರ್ನ. ಇದು ಉಣ್ಣಾಕೋ, ಹಣಿಗೆ ಹಚ್ಚಕೊಳ್ಳಾಕೋ?"

ಶೆಫ್ ನನ್ನ ಕಡೆ ನೋಡಿದರು. "ಬೇಳೆ ಸ್ವಲ್ಪ ಜಾಸ್ತಿ ಹಾಕಬಹುದಾ ಅಂತ ಕೇಳ್ತಿದ್ದಾರೆ ಸಾರ್," ಅಂದೆ.

"ಇದು ಬೇಳೆಯಲ್ಲ, ಬೇಳೆಯ ನೆನಪು ಅಂತ ಹೇಳಿ."

ಹೇಳಿದೆ. ಮಾಮಾನ ಕಿವಿ ಕೆಂಪಾದವು. "ನೆನಪು ಮನ್ಯಾಗ ಮಾಡ್ಕೊಳ್ಳಲಿ! ಹಸದು ಬಂದ ಮನಷ್ಯಾನ ಮುಂದ ತಟ್ಟಿ ಇಟ್ಟ ಮ್ಯಾಲ ಕೈ ಬಿಗಿ ಹಿಡೀಬಾರ್ದು ಅನ್ನು."

ಅದನ್ನು ಮೆತ್ತಗೆ ಮಾಡಿ ಹೇಳಲು ನನಗೆ ಹಿಂದಿ ಸಾಲಲಿಲ್ಲ. ನಾನು ತೊದಲುತ್ತಿದ್ದಂತೆ ಶೆಫ್‌ಗೆ ಅರ್ಥವಾಯಿತು. "ಮೂವತ್ತು ವರ್ಷ ಒಂದೇ ದಾಲ್ ಕುದಿಸಿದವರಿಗೆ ತಟ್ಟೆ ಅಂದರೆ ಏನು ಗೊತ್ತು," ಅಂದರು. ಅದನ್ನು ತರ್ಜುಮೆ ಮಾಡಬೇಕಾದ ಅಗತ್ಯ ಬೀಳಲಿಲ್ಲ, ಮಾಮಾಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಪಾತ್ರೆ ಎತ್ತಿಕೊಂಡು ಇಳಿದುಹೋದರು. ಮಾಮಾ ನಿವೃತ್ತರಾಗುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೊಟ್ಟ ತಟ್ಟೆಗಳನ್ನು ಯಾರೂ ಬಳಸದೆ ಮೂಲೆಗೆ ಹಾಕಿದರು.

ನನಗೆ ಇಬ್ಬರೂ ಗುರುಗಳೇ. ಯಾರ ಪಕ್ಷ ಎಂದು ಕೇಳಿದರೆ, ಮೇಲೂ ಕೆಳಗೂ ಓಡಾಡುವ ಲಿಫ್ಟಿನ ಪಕ್ಷ ಅನ್ನುತ್ತಿದ್ದೆ.

ಮಾಮಾ ನಿವೃತ್ತರಾದ ಮರುವರ್ಷ ಅವರಿಗೆ ಲಕ್ವಾ ಹೊಡೆಯಿತು. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಅವರ ಮನೆಗೆ ಹೋದೆ. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಎಲ್ಲಕ್ಕಿಂತ ಕಷ್ಟದ್ದು ನುಂಗುವುದು. ನೀರಾಗಿದ್ದರೆ ಶ್ವಾಸನಾಳಕ್ಕೆ ಇಳಿಯುತ್ತದೆ, ಗಟ್ಟಿಯಾಗಿದ್ದರೆ ಗಂಟಲಲ್ಲಿ ಸಿಗುತ್ತದೆ, ಎಲ್ಲವನ್ನೂ ನುಣ್ಣಗೆ ಅರೆದು ಕೊಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಅವರ ಹೆಂಡತಿ ಶಾಂತಾಬಾಯಿ ಅನ್ನ, ಪಲ್ಯ, ಬೇಳೆ ಎಲ್ಲ ಸೇರಿಸಿ ಮಿಕ್ಸಿಗೆ ಹಾಕಿ ಕೊಡುತ್ತಿದ್ದರು. ಅದು ಒಂದು ಬಗೆಯ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮಾಮಾ ಅದನ್ನು ನೋಡುತ್ತಿದ್ದರು, ಬಾಯಿ ಬಿಗಿ ಹಿಡಿಯುತ್ತಿದ್ದರು.

"ಹನ್ನೆರಡು ದಿನ ಆತವಾ ಸುಮಿತ್ರಾ. ನಾಕು ಚಮಚದ ಮ್ಯಾಲ ಹೋಗವಲ್ದು," ಅಂದರು ಶಾಂತಾಬಾಯಿ. "ಇನ್ನೂ ಹೀಂಗ ಮಾಡಿದ್ರ ಮೂಗಿನ್ಯಾಗ ನಳಿಗಿ ಹಾಕ್ತೀವಿ ಅಂದಾರ ಡಾಕ್ಟರು."

ಮಾಮಾನ ಮೈಯಲ್ಲಿ ಎಲುಬು ಕಾಣುತ್ತಿತ್ತು. ಮುನ್ನೂರು ಮಂದಿಗೆ ಬಡಿಸಿದ ಮನುಷ್ಯ.

ಮರುದಿನ ನಾನೇ ಪ್ರಯತ್ನಿಸಿದೆ. ಜೋಳದ ಹಿಟ್ಟನ್ನು ನುಣ್ಣಗೆ ಅಂಬಲಿಯ ಹಾಗೆ ಬೇಯಿಸಿ, ಸೋಸಿ, ರೊಟ್ಟಿಯ ಹಾಗೆ ಗುಂಡಗೆ ಹರಡಿದೆ. ಅದು ನಿಧಾನವಾಗಿ ಕಾಲು ಚಾಚಿ ತಟ್ಟೆಯ ಅಂಚು ದಾಟಿತು. ಎರಡನೆಯ ಸಲ ಗಟ್ಟಿ ಮಾಡಿದೆ, ಒಣಗಿಸಿದ ಸಗಣಿ ಕುಳ್ಳಿನ ಹಾಗೆ ಆಯಿತು. ಮಾಮಾ ಕಣ್ಣು ಮುಚ್ಚಿಕೊಂಡರು.

ಬೇರೆ ದಾರಿಯಿಲ್ಲದೆ ಶೆಫ್ ವಿಕ್ರಾಂತ್ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಜೇಬಿನ ಚಿಮಟ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕೈಯದನ್ನು ಅವರು ತಿಂತಾರಾ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್. ಈಗ ಯಾರ ಕೈಯದನ್ನೂ ತಿಂತಿಲ್ಲ."

ಮೊದಲು ಆಸ್ಪತ್ರೆಯ ಥೆರಪಿಸ್ಟ್ ಹುಡುಗಿಯನ್ನು ಕಂಡು, ಎಷ್ಟು ಮಂದ ಇರಬೇಕು ಎಂದು ವಿಚಾರಿಸಿದರು. ಚಮಚ ಓರೆ ಮಾಡಿದರೆ ಮುದ್ದೆಯಾಗಿ ಜಾರಬೇಕು, ಸೋರಬಾರದು, ಅಂಟಬಾರದು ಎಂದು ಅವಳು ತೋರಿಸಿದಳು. ಶೆಫ್ ಮುಖ ಅರಳಿತು. ಅವರು ತಮ್ಮ ಸಾಸಿಗೆ ಇಡುತ್ತಿದ್ದ ಪರೀಕ್ಷೆಯೂ ಅದೇ ಆಗಿತ್ತು. ಆ ದಿನ ಮಧ್ಯಾಹ್ನ ಎರಡು ಚೀಲ ಸಾಮಾನು ಹೊತ್ತು, ಆಟೋದಲ್ಲಿ ಕಾಚಿಗೂಡಕ್ಕೆ ಬಂದರು. ಶಾಂತಾಬಾಯಿಯ ಅಡುಗೆಮನೆಯಲ್ಲಿ ಮೂವರಿಗೆ ನಿಲ್ಲಲು ಜಾಗವಿರಲಿಲ್ಲ, ಶೆಫ್ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿದರು. ಜೋಳದ ಹಿಟ್ಟು ಬೇಯಿಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ, ತಟ್ಟೆಗೆ ಅರ್ಧ ರೊಟ್ಟಿಯ ಆಕಾರದಲ್ಲಿ ಇಳಿಸಿದರು. ಹುರಿದ ಹಿಟ್ಟನ್ನು ನುಣ್ಣಗೆ ಕಲಸಿ, ಹಂಚಿನ ಮೇಲೆ ಸುಟ್ಟಂಥ ಕಲೆಗಳನ್ನು ಅದರ ಮೇಲೆ ಕುಂಚದಿಂದ ನಾನು ಬರೆದೆ. ನಮ್ಮ ಕಡೆಯ ಹುಳಿಸೊಪ್ಪಿನ ಪುಂಡಿ ಪಲ್ಯವನ್ನು ಶಾಂತಾಬಾಯಿಯೇ ಮಾಡಿದರು. ಅದನ್ನು ನಾರು ಹೋಗುವವರೆಗೆ ಸೋಸಿ, ಪಕ್ಕದಲ್ಲಿ ಚಮಚದಿಂದ ಗುಪ್ಪೆ ಮಾಡಿದೆವು. ಬೇಯಿಸಿದ ಈರುಳ್ಳಿಯನ್ನು ಅರೆದು, ಕೇಕಿಗೆ ಕ್ರೀಮು ಹಾಕುವ ಚೀಲಕ್ಕೆ ತುಂಬಿ, ಸುರುಳಿ ಸುರುಳಿಯಾಗಿ ಹಿಂಡಿದೆ. ಕೊನೆಗೆ ಶೇಂಗಾ ಚಟ್ನಿಯ ಮೂರು ಚುಕ್ಕಿ.

ದೂರದಿಂದ ನೋಡಿದರೆ ರೊಟ್ಟಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ. ಥೇಟ್ ಹಾಗೆಯೇ.

ಮಾಮಾನನ್ನು ದಿಂಬಿಗೆ ಒರಗಿಸಿ ಕೂರಿಸಿ ಮುಂದಿಟ್ಟೆವು. ಅವರು ತಟ್ಟೆ ನೋಡಿದರು. ಬಾಗಿಲಲ್ಲಿ ಮುದುಡಿ ನಿಂತಿದ್ದ ಶೆಫ್‌ನನ್ನು ನೋಡಿದರು. ಮತ್ತೆ ತಟ್ಟೆ ನೋಡಿದರು. ಎಡಗೈಯಿಂದ ಚಮಚ ಹಿಡಿದು ರೊಟ್ಟಿಯ ತುದಿ ಮುರಿದು, ಪಲ್ಯಕ್ಕೆ ಒತ್ತಿ, ಬಾಯಿಗಿಟ್ಟುಕೊಂಡರು. ನಾವು ಮೂವರೂ ಅವರ ಗಂಟಲನ್ನೇ ನೋಡುತ್ತಿದ್ದೆವು. ಅದು ಒಮ್ಮೆ ಮೇಲೆ ಹೋಯಿತು, ಕೆಳಗೆ ಬಂತು. ಕೆಮ್ಮಲಿಲ್ಲ. ಎರಡನೆಯ ಚಮಚ. ಮೂರನೆಯದು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ.

ಅರ್ಧ ತಟ್ಟೆ ಮುಗಿದ ಮೇಲೆ ಮಾಮಾ ತುಟಿ ಅಲ್ಲಾಡಿಸಿದರು. ಲಕ್ವಾ ಹೊಡೆದ ಮೇಲೆ ಬಂದ ಮೊದಲ ಮಾತು. ಧನ್ಯವಾದ ಹೇಳುತ್ತಾರೇನೋ ಎಂದು ಶೆಫ್ ಹತ್ತಿರ ಬಗ್ಗಿದರು.

"ಉ... ಉಪ್ಪ... ಕಮ್ಮಿ," ಅಂದರು ಮಾಮಾ.

ಮೇಲಿನ ಮಹಡಿಯಲ್ಲಿ ಯಾರಾದರೂ ಉಪ್ಪು ಕೇಳಿದರೆ ಶೆಫ್‌ಗೆ ಎರಡು ದಿನ ಮೂಗಿನ ಮೇಲೆ ಸಿಟ್ಟು. ಅವತ್ತು ಅವರು ಉಪ್ಪಿನ ಡಬ್ಬಿ ಹುಡುಕುತ್ತ ಅಡುಗೆಮನೆಗೆ ಓಡಿದ ರಭಸಕ್ಕೆ ಶಾಂತಾಬಾಯಿಯ ಎರಡು ಲೋಟ ಉರುಳಿದವು.

ಮೂಗಿಗೆ ನಳಿಗೆ ಹಾಕುವ ಮಾತು ಅಲ್ಲಿಗೆ ನಿಂತಿತು. ಶೆಫ್ ವಾರಕ್ಕೆರಡು ಸಲ ಬಂದು ಶಾಂತಾಬಾಯಿಗೆ ಹಿಂಡುವ ಚೀಲ ಹಿಡಿಯುವುದು, ಚಮಚದ ಪರೀಕ್ಷೆ ನೋಡುವುದು ಎಲ್ಲ ಕಲಿಸಿದರು. ಆಕೆ ನನಗಿಂತ ಬೇಗ ಕಲಿತರು. ಹೋಗುವಾಗ ಶೆಫ್ ಪ್ರತಿ ಸಲವೂ ಅಲ್ಲಿಯೇ ನೆಲದ ಮೇಲೆ ಕೂತು ಉಂಡು ಹೋಗುತ್ತಿದ್ದರು. ಮಾಮಾಗೆ ಮಾತು ಬಂದ ಮೇಲೆ ಇಬ್ಬರೂ ಮತ್ತೆ ಜಗಳ ಶುರುಮಾಡಿದರು, ಈ ಸಲ ಒಂದೇ ಭಾಷೆಯಲ್ಲಿ.

ನಾನೂ ನಿವೃತ್ತಳಾಗಿ ಕೆಲವು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಸೀತಾಫಲ ತೆಗೆದುಕೊಂಡು ಮಾಮಾನನ್ನು ನೋಡಲು ಹೋದೆ. ಕೋಲು ಹಿಡಿದು ಓಡಾಡುತ್ತಿದ್ದರು, ಮೆತ್ತನೆಯ ಅನ್ನ ತಾವೇ ಉಣ್ಣುತ್ತಿದ್ದರು. ನನ್ನನ್ನು ಕಂಡದ್ದೇ ದೂರು ಹೇಳತೊಡಗಿದರು.

"ಇಕಿಗೆ ಸ್ವಲ್ಪ ಬುದ್ಧಿ ಹೇಳವ್ವಾ. ನನಗೀಗ ಆರಾಮ ಆಗೇತಿ, ಎಲ್ಲಾ ನುಂಗತೀನಿ. ಇನ್ನೂ ಅನ್ನದ ಮ್ಯಾಲ ಹೂವಿನಂಗ ಪಲ್ಯಾ ಹಿಂಡ್ತಾಳ, ಸುತ್ತ ಚುಕ್ಕಿ ಇಡ್ತಾಳ. ಯಾರರೆ ನೋಡಿದ್ರ ಏನಂದಾರು? ನಾ ಏನ್ ಮದುಮಗಾ ಇದ್ದೀನಾ?"

ಒಳಗಿನಿಂದ ಶಾಂತಾಬಾಯಿ ಕೈ ಒರೆಸಿಕೊಳ್ಳುತ್ತ ಬಂದರು.

"ನಿನ್ನೆ ಬಿಟ್ಟಿದ್ದೆ ನೋಡವಾ ಸುಮಿತ್ರಾ. ಬರೇ ಅನ್ನಾ ಸಾರು ಕಲಸಿ ತಂದು ಮುಂದ ಇಟ್ಟೆ."

"ಉಂಡ್ರಾ?"

"ಎಲ್ಲಿ ಉಣ್ಣೂದು? ತಟ್ಟಿ ನೋಡಕೋತ ಹಾಂಗ ಕುಂತ್ರು. ಯಾಕ್ರಿ, ಏನಾತು ಅಂತ ಕೇಳಿದ್ರ, ಸಣ್ಣ ದನಿ ಮಾಡಿ, 'ಇವತ್ತ ನನ್ ಮ್ಯಾಲ ಸಿಟ್ಟೈತೇನ?' ಅಂದ್ರು."